ಜಕ್ಕಲಿಯಿಂದ ವಿಧಾನಸೌಧಕ್ಕೆ ಒಂದು ಅರ್ಜಿ

ನಮ್ಮ ಕಡೆ ಎದೆನೋವಿಗೆ ಇರುವ ಮೊದಲ ಹೆಸರು ಗ್ಯಾಸ್. ರೋಣ ಸೀಮೆಯ ಯಾವ ಊರಿಗೆ ಹೋದರೂ ಇದೇ ಮಾತು. ಎದೆ ಹಿಂಡಿದಂತಾಗಿ ಮೈಯೆಲ್ಲ ಬೆವರುತ್ತಿದ್ದರೂ ಕಟ್ಟೆಯ ಮೇಲೆ ಕುಳಿತವರು, "ಏನಿಲ್ಲ ಬಿಡ್ರೀ ಕಾಕಾ, ಗ್ಯಾಸ್ ಆಗಿರ್ತೈತಿ, ಒಂದು ಸೋಡಾ ಕುಡೀರಿ" ಎನ್ನುತ್ತಾರೆ. ಹಾಗೆ ಹೇಳುವವರಲ್ಲಿ ಕೇಡಿನ ಮನಸ್ಸಿಲ್ಲ. ಅವರ ತಂದೆಗೂ ಯಾರೋ ಹೀಗೆಯೇ ಹೇಳಿದ್ದರು.

ಜಕ್ಕಲಿಯ ನಮ್ಮ ಓಣಿಯ ಚಾಚಾ ಒಬ್ಬರು 2024ರ ಚಳಿಗಾಲದಲ್ಲಿ ತೀರಿಕೊಂಡರು. ಮೆಣಸಿನಕಾಯಿ ವ್ಯಾಪಾರಸ್ಥರು, ವಯಸ್ಸು 52. ಬೆಳಗಿನ ನಮಾಝ್ ಮುಗಿಸಿ ಬಂದವರಿಗೆ ಎಡಗೈ ಜೋಮು ಹಿಡಿಯಿತು. ಮಕ್ಕಳಿಬ್ಬರು ಅವರನ್ನು ಮೋಟಾರ್ ಸೈಕಲ್ ಮೇಲೆ ನಡುವೆ ಕೂರಿಸಿಕೊಂಡು ಹತ್ತಿರದ ಪೇಟೆಯ ಖಾಸಗಿ ದವಾಖಾನೆಗೆ ಒಯ್ದರು. ಅಲ್ಲಿ ಇಸಿಜಿ ಇರಲಿಲ್ಲ. ಗ್ಯಾಸಿನ ಇಂಜೆಕ್ಷನ್ ಕೊಟ್ಟು ಎರಡು ತಾಸು ಮಲಗಿಸಿದರು. ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ, ಇಸಿಜಿಯನ್ನಾದರೂ ತೆಗೆಸಿರಿ ಎಂದು ಯಾರೂ ಹೇಳಲಿಲ್ಲ. ಕೊನೆಗೆ ಗದಗಿಗೆ ಹೊರಟಾಗ ದಾರಿಯಲ್ಲೇ ಪ್ರಾಣ ಹೋಯಿತು.

ಆ ಮನೆಯ ಹಿರಿಯ ಮಗ ಆಮೇಲೆ ನಮ್ಮೆದುರು ಕೇಳಿದ ಪ್ರಶ್ನೆ ಸಣ್ಣದು. "ಆ ಇಂಜೆಕ್ಷನ್ ಫ್ರೀ ಐತೆಂತ ನಮಗ್ಯಾಕ ಯಾರೂ ಹೇಳಲಿಲ್ರೀ?"

ಅವನು ಕೇಳಿದ್ದು ಹೃದಯ ಜ್ಯೋತಿಯ ಬಗ್ಗೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿಗೇ ಹೋದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಈ ಯೋಜನೆಯನ್ನು ಘೋಷಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ 30,000 ರೂಪಾಯಿಯ ಆಸುಪಾಸು. ರಕ್ತ ಸಿಗದ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಆದ್ದರಿಂದ ಈ ಮದ್ದಿಗೆ ಮೊದಲ ತಾಸುಗಳೇ ಮುಖ್ಯ. 2025ರಲ್ಲಿ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು.

ಒಳ್ಳೆಯ ಕೆಲಸ, ಸಂಶಯವಿಲ್ಲ. ಆದರೆ ಇದು ಆದೇಶದ ಮೇಲೆ, ಬಜೆಟ್ಟಿನ ಹಣದ ಮೇಲೆ ನಡೆಯುವ ಯೋಜನೆ. ಮದ್ದು ಮುಗಿದಿದ್ದರೆ, ರಾತ್ರಿ ಇಸಿಜಿ ತೆಗೆಯುವವರು ಇಲ್ಲದಿದ್ದರೆ ಜಕ್ಕಲಿಯ ರೈತ ಯಾರನ್ನು ಕೇಳಬೇಕು? ಯೋಜನೆಯ ಫಲಾನುಭವಿ ಕೈಮುಗಿದು ನಿಲ್ಲುತ್ತಾನೆ, ಕಾನೂನು ಬೆನ್ನಿಗಿದ್ದವನು ಉತ್ತರ ಕೇಳುತ್ತಾನೆ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ, ದೆಹಲಿಯ ಕಡೆ ಬೆರಳು ತೋರಿಸುವಂತಿಲ್ಲ. ರಾಜಸ್ಥಾನ 2023ರಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆಯನ್ನೇ ಮಾಡಿತು. ಖಾಸಗಿ ವೈದ್ಯರು ಅಲ್ಲಿ ಬೀದಿಗಿಳಿದರು. ನಮ್ಮಲ್ಲೂ 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತರುವಾಗ ಮುಷ್ಕರ ನಡೆದಿತ್ತು. ಆದರೂ ಬಿಲ್ ಬಾಕಿಯಿದೆಯೆಂದು ಹೆಣವನ್ನು ಹಿಡಿದಿಟ್ಟುಕೊಳ್ಳಬಾರದೆಂಬ ಮಾತು ಆ ತಿದ್ದುಪಡಿಯಲ್ಲಿ ಉಳಿಯಿತು.

ಹೀಗೆ ಯೋಚಿಸಿ ನಾವು ಹತ್ತು ಹದಿನೈದು ಮಂದಿ ಅರ್ಜಿ ಬರೆಯಲು ಕುಳಿತೆವು. ಮಸೀದಿ ಕಮಿಟಿಯ ಇಬ್ಬರು, ಒಬ್ಬ ನಿವೃತ್ತ ಮಾಸ್ತರರು, ಆಶಾ ಕಾರ್ಯಕರ್ತೆ ಅಕ್ಕ, ಉಳಿದವರು ಒಕ್ಕಲುತನದವರು. ಮೊದಲ ಬೇಡಿಕೆಗೆ ಯಾರ ತಕರಾರೂ ಇರಲಿಲ್ಲ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಗಲಿರುಳು ಇಸಿಜಿ, ತಾಲ್ಲೂಕಿನಲ್ಲಿ ಸದಾ ಮದ್ದು, ಎರಡೂ ಕಾನೂನಿನ ಹೊಣೆಯಾಗಿ.

ಜಗಳ ಹುಟ್ಟಿದ್ದು ಎರಡನೆಯದಕ್ಕೆ, ಸಾವುಗಳ ಲೆಕ್ಕಕ್ಕೆ. ಚಾಚಾ ಹೋದಾಗ ಕಾರಣದ ಜಾಗದಲ್ಲಿ ಮನೆಯವರು ಹೇಳಿದ್ದನ್ನೇ ಬರೆದುಕೊಂಡರು. ಊರಲ್ಲಿ ಎಷ್ಟು ಜನ ಹೃದಯಾಘಾತದಿಂದ ಹೋದರೆಂದು ಯಾವ ಪುಸ್ತಕವೂ ಹೇಳುವುದಿಲ್ಲ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತ ಸುದ್ದಿ ನಾಡನ್ನೇ ನಡುಗಿಸಿತು. ಕೋವಿಡ್ ಲಸಿಕೆಯೇ ಕಾರಣವೆಂಬ ಗುಲ್ಲು ನಮ್ಮ ಚಹಾದಂಗಡಿಯವರೆಗೂ ಬಂತು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿ, ಲಸಿಕೆಗೆ ಇದರ ಸಂಬಂಧವಿಲ್ಲವೆಂದು ಹೇಳಿತು. ಸತ್ತವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ ಇದ್ದವು. ಲೆಕ್ಕ ಇಲ್ಲದ ಕಡೆ ಗುಲ್ಲು ಬೆಳೆಯುವುದು ಹೀಗೆ. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಶವಪರೀಕ್ಷೆಯೂ ಆಗಬೇಕು ಎಂದು ಆಗ ಆರೋಗ್ಯ ಸಚಿವರು ಘೋಷಿಸಿದರು.

ಶವಪರೀಕ್ಷೆ ಎಂದೊಡನೆ ಮಸೀದಿ ಕಮಿಟಿಯ ಹಿರಿಯರು ಎದ್ದು ನಿಂತರು. ಮಯ್ಯಿತ್ತಿನ ದಫನ ತಡವಾಗಬಾರದು, ದೇಹ ಕೊಯ್ಯುವುದಕ್ಕೆ ಮನೆಯವರು ಒಪ್ಪುವುದಿಲ್ಲ ಎಂದರು. ಲಿಂಗಾಯತ ಮಾಸ್ತರರು ತಕ್ಷಣ, "ನಮ್ಮಲ್ಲಿ ಮಾತ್ರ ಒಪ್ತಾರೇನ್ರೀ? ನಾವೂ ಮಣ್ಣಿಗೇ ಕೊಡೋರು" ಎಂದರು. ಈ ಒಂದು ವಿಷಯದಲ್ಲಿ ಊರು ಪೂರಾ ಒಂದಾಗಿತ್ತು! ನಮ್ಮ ಅಭಿಪ್ರಾಯದಲ್ಲಿ ಆ ಹಿಂಜರಿಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಹಾಗೆ ತಳ್ಳಿದರೆ ಜನ ಸಾವನ್ನೇ ಮುಚ್ಚಿಡುತ್ತಾರೆ. ಕೊಯ್ಯದೆಯೂ ಕಾರಣ ತಿಳಿಯುವ ದಾರಿಯೊಂದಿದೆ. ತರಬೇತಿ ಪಡೆದವರು ಮನೆಗೆ ಬಂದು ನೋವು ಎಲ್ಲಿತ್ತು, ಎಷ್ಟು ಹೊತ್ತಿತ್ತು, ಬೆವರು ಬಂತೇ, ಮೊದಲೇ ಯಾವ ಕಾಯಿಲೆ ಇತ್ತು ಎಂದು ಕೇಳಿ ಬರೆದುಕೊಳ್ಳುತ್ತಾರೆ, ವೈದ್ಯರು ಅದನ್ನು ಓದಿ ಕಾರಣ ನಿರ್ಧರಿಸುತ್ತಾರೆ. ಇದಕ್ಕೆ ಮೌಖಿಕ ಶವಪರೀಕ್ಷೆ ಎನ್ನುತ್ತಾರೆ. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಇದನ್ನೇ ಬಳಸಿದ್ದಾರೆ. ಕೊಯ್ದು ತಿಳಿದಷ್ಟು ನಿಖರವಲ್ಲ ನಿಜ, ಆದರೆ ಈಗಿನ ಖಾಲಿ ಪುಟಕ್ಕಿಂತ ಮೇಲು. ಅನುಮಾನದ ಸಾವುಗಳಿಗೆ ಪೊಲೀಸರ ದಾರಿ ಇದ್ದೇ ಇದೆ. ಉಳಿದ ಹಠಾತ್ ಸಾವುಗಳಿಗೆ ಇದನ್ನು ಕಾನೂನಿನಲ್ಲಿ ಸೇರಿಸಿ ಎಂದು ಬರೆದೆವು. ಹಿರಿಯರು ಅದನ್ನು ಎರಡು ಸಲ ಓದಿಸಿ ಕೇಳಿ ಸಹಿ ಹಾಕಿದರು.

"ಒಂದು ಹಳ್ಳಿಯ ಅರ್ಜಿಗೆ ವಿಧಾನಸೌಧದಾಗ ಯಾರು ಕಿಮ್ಮತ್ತು ಕೊಡ್ತಾರ?" ಎಂದು ಹುಡುಗನೊಬ್ಬ ಕೇಳಿದ. ಮಾಸ್ತರರು ಅಂದಾನಪ್ಪ ದೊಡ್ಡಮೇಟಿಯವರ ಹೆಸರು ತೆಗೆದರು. ಏಕೀಕರಣಕ್ಕೆ ದುಡಿದ ದೊಡ್ಡಮೇಟಿಯವರು ಇದೇ ಜಕ್ಕಲಿಯವರು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದೇ ಹೆಸರಿಡಬೇಕೆಂದು ಶಾಸನಸಭೆಯಲ್ಲಿ ಪಟ್ಟು ಹಿಡಿದವರು. ಏಕೀಕರಣವಾದದ್ದು 1956ರಲ್ಲಿ, ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹುಡುಗ ಲೆಕ್ಕ ಹಾಕಿ, "ಹದಿನೇಳು ವರ್ಷ ಕಾಯಾಕ ನಮ್ಮ ಎದಿ ತಡೀತೈತೇನ್ರೀ?" ಎಂದ. ಮಾಸ್ತರರಲ್ಲಿ ಉತ್ತರವಿರಲಿಲ್ಲ.

ಮೂರನೆಯ ಬೇಡಿಕೆ ತಂಬಾಕಿನದು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ 31ರಂದು. ಅಂಗಡಿಯಲ್ಲಿ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ತೂಗುತ್ತವೆ, ಕೊಂಡವನು ಬಾಯಲ್ಲಿ ಕೂಡಿಸಿಕೊಳ್ಳುತ್ತಾನೆ. ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ ರಾಜ್ಯದ ತಿದ್ದುಪಡಿಗೆ 2025ರ ಮೇನಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದೆ. ಆದರೆ ಶಾಲೆ ಬಿಟ್ಟ ಹುಡುಗರ ವಯಸ್ಸು ಕೇಳುವವರನ್ನು ನಾವು ಇನ್ನೂ ಕಂಡಿಲ್ಲ. ತಂಬಾಕು ಮಾರಲು ಪಂಚಾಯಿತಿಯ ಪ್ರತ್ಯೇಕ ಪರವಾನಗಿ ಬೇಕು, ತಪ್ಪಿದರೆ ಅದು ರದ್ದಾಗಬೇಕು ಎಂದು ಕೇಳಿದೆವು.

ಸಹಿಗೆ ಅಂಗಡಿಗೆ ಹೋದಾಗ ಕಿರಾಣಿ ಅಂಗಡಿಯ ಅಣ್ಣ ಅರ್ಜಿಯನ್ನು ಪೂರ್ತಿ ಓದಿದರು. ಅವರ ತಮ್ಮನೂ ಎದೆನೋವಿನಲ್ಲೇ ಹೋದವನು. "ಮೊದಲಿನ ಎರಡಕ್ಕ ಸಹಿ ಹಾಕ್ತೀನಿ, ಮೂರನೇದು ತಗೀರಿ" ಎಂದರು. ನಾವು ತೆಗೆಯಲಿಲ್ಲ. ಅವರು ಪೆನ್ನು ಕೆಳಗಿಟ್ಟು, ಗ್ರಾಮಸಭೆಯಲ್ಲಿ ಓದಿರಿ, ಅಲ್ಲಿ ನೋಡೋಣ ಎಂದಿದ್ದಾರೆ.