ನಾಳೆ ಕಟ್ಟಕ್ಕೆ ಬರ್ತೀರಲ್ಲ?

'ಊರಿಗೆ ಒಂದು ಕಟ್ಟ ಆಗಲೇಬೇಕು ಮಾರಾಯ್ರೆ' ಎಂಬ ಮಾತಿಗೆ ನಮ್ಮ ಕಡೆ ವಿರೋಧ ಪಕ್ಷವೇ ಇಲ್ಲ. ಮದುವೆಯ ಪಂಕ್ತಿಯಲ್ಲಿ, ಸೊಸೈಟಿಯ ಜಗಲಿಯಲ್ಲಿ, ಕ್ಷೌರದಂಗಡಿಯ ಬೆಂಚಿನಲ್ಲಿ ಎಲ್ಲೇ ಈ ಮಾತೆತ್ತಿದರೂ ತಲೆಗಳು ಒಟ್ಟಿಗೆ ಆಡುತ್ತವೆ. ಆದರೆ ಆದಿತ್ಯವಾರ ಬೆಳಿಗ್ಗೆ ತೋಡಿಗಿಳಿಯುವ ಹೊತ್ತಿಗೆ ಆಡಿದ ತಲೆಗಳಲ್ಲಿ ಅರ್ಧಕ್ಕೆ ಮದುವೆ, ಉಳಿದರ್ಧಕ್ಕೆ ಸೊಂಟನೋವು.

ಕಟ್ಟವೆಂದರೆ ದೊಡ್ಡ ಯೋಜನೆಯೇನಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಮಳೆಗಾಲ ಮುಗಿದು ತೋಡಿನ, ಅಂದರೆ ಹಳ್ಳದ, ಹರಿವು ಸಣ್ಣದಾಗುವಾಗ, ನವೆಂಬರ್-ಡಿಸೆಂಬರ್ ಹೊತ್ತಿಗೆ, ಅದಕ್ಕೆ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡು. ಹಿಂದೆ ಕಲ್ಲು, ಮಣ್ಣು, ಸೀಳಿದ ಅಡಿಕೆ ಮರಗಳಲ್ಲಿ ಮುಗಿಯುತ್ತಿತ್ತು. ಈಗ ಮರಳು ತುಂಬಿದ ಸಿಮೆಂಟ್ ಚೀಲ, ಪ್ಲಾಸ್ಟಿಕ್ ಹಾಳೆ ಸೇರಿಕೊಂಡಿವೆ. ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ ಸುರಿಸಿಕೊಂಡೂ ಮಾರ್ಚಿಗೆ ಬಾವಿಯ ತಳ ಕಾಣುವ ಸೀಮೆಯಿದು. ಕಟ್ಟ ಹಾಕಿದರೆ ನೀರು ನಿಂತು ಎರಡೂ ದಡಕ್ಕೆ ಇಂಗುತ್ತದೆ, ಸುತ್ತಲಿನ ಬಾವಿಗಳು ಚೇತರಿಸಿಕೊಳ್ಳುತ್ತವೆ. ಮುಂಗಾರು ಬಂದರೆ ಕಟ್ಟ ಹೋಯಿತು. ಮರುವರ್ಷ ಮತ್ತೆ ಮೊದಲಿನಿಂದ.

ಒಂದು ಕಾಲದಲ್ಲಿ ಇದಕ್ಕೆ ಯಾರನ್ನೂ ಪುಸಲಾಯಿಸಬೇಕಿರಲಿಲ್ಲ. ತೋಟಕ್ಕೆ ಕಟ್ಟದ ನೀರೇ ಗತಿಯಾಗಿತ್ತು. ಬಾರದವನ ತೋಟಕ್ಕೆ ನೀರು ಯಾವ ಮುಖದಲ್ಲಿ ಬರಬೇಕು? ಆಮೇಲೆ ಕೊಳವೆಬಾವಿ ಬಂತು, ಕರೆಂಟು ಪಂಪು ಬಂತು. ನೀರು ಅವರವರ ಅಂಗಳದ ಸ್ವಿಚ್ಚಿಗೆ ಇಳಿಯಿತು. ನೆರೆಮನೆಯವನ ಹಂಗಿಲ್ಲದೆ ಅಡಿಕೆ ಬೆಳೆಯಬಹುದೆಂದು ಗೊತ್ತಾದ ದಿನ, ಕಟ್ಟಗಳ ಜತೆಗೆ ಕಟ್ಟಕ್ಕೆ ಕರೆಯುವ ಅಭ್ಯಾಸವೂ ಕೊಚ್ಚಿಹೋಯಿತು. ಕೊಳವೆಬಾವಿಗಳೇ ಕೈಕೊಡತೊಡಗಿದ ಮೇಲೆ ಈಗ ಮತ್ತೆ ಕಟ್ಟದ ನೆನಪಾಗಿದೆ. ಆದರೆ ಕರೆಯುವುದು ಹೇಗೆಂಬುದು ಮರೆತಿದೆ.

ಈಗಿನ ಕರೆ ವಾಟ್ಸ್ಆ್ಯಪಿನಲ್ಲಿ ಹೊರಡುತ್ತದೆ: 'ಎಲ್ಲರೂ ಬಂದು ಸಹಕರಿಸಬೇಕಾಗಿ ವಿನಂತಿ.' ಎಲ್ಲರೂ ಎಂದರೆ ನಾನಲ್ಲ ಎಂದು ಓದಿಕೊಳ್ಳುವುದರಲ್ಲಿ ನಾವು ನಿಸ್ಸೀಮರು. ಅದಕ್ಕೆ ನಲವತ್ತು ಹೆಬ್ಬೆರಳುಗಳು ಮೇಲೇಳುತ್ತವೆ. ಒಂದು ಚೀಲಕ್ಕೂ ಮರಳು ಬೀಳುವುದಿಲ್ಲ. ಅದೇ, ಹಿಂದಿನ ದಿನ ಸಂಜೆ ಮನೆಯ ಮೆಟ್ಟಿಲು ಹತ್ತಿ, 'ಮಾಸ್ಟ್ರೆ, ಹಳೆಯ ಕಟ್ಟದ ಕಲ್ಲು ಎಲ್ಲಿತ್ತು ಅಂತ ನಿಮಗೇ ಗೊತ್ತಿರುವುದು. ನಾಳೆ ಬಂದು ಜಾಗ ತೋರಿಸಿದರೆ ಸಾಕು' ಎಂದು ಹೇಳಿ ನೋಡಿ. ಎಂಬತ್ತರ ಮಾಸ್ತರರು ಎಲ್ಲರಿಗಿಂತ ಮೊದಲು ಕೊಡೆ ಹಿಡಿದು ಬಂದು ನಿಂತಿರುತ್ತಾರೆ. ಅವರು ಬಂದರೆಂದು ಮಗ ಬರುತ್ತಾನೆ, ಮಗನ ಹಿಂದೆ ಪಿಕ್‌ಅಪ್ಪು ಬರುತ್ತದೆ.

ಇಷ್ಟಾದರೂ ಬಾರದವರಲ್ಲಿ ಪಂಗಡಗಳುಂಟು. ಒಂದು, ಸಲಹಾ ಪಂಗಡ: 'ಇದೆಲ್ಲ ಎಷ್ಟು ದಿನ? ಶಾಸಕರಿಗೆ ಹೇಳಿ ಕಾಂಕ್ರೀಟಿನದ್ದೇ ಮಾಡಿಸಬೇಕು.' ಎರಡು, ಐನೂರರ ನೋಟು ಕೊಟ್ಟು ಕೈತೊಳೆದುಕೊಳ್ಳುವ ಪಂಗಡ. ದುಡ್ಡು ಬೇಡವೆನ್ನಬಾರದು, ಆದರೆ 'ಹಣ ಖಜಾಂಚಿ ಹತ್ತಿರ ಕೊಡಿ, ಖಜಾಂಚಿ ನೀವೇ' ಎಂದರೆ ಆ ಮನುಷ್ಯ ತಪ್ಪಿಸಿಕೊಳ್ಳಲಾರ. ಮೂರನೆಯದು, ಮುನಿಸಿನ ಪಂಗಡ: 'ನನಗೆ ಯಾರೂ ಹೇಳಲಿಲ್ಲ.' ಇವರು ಬಾರದಿರಲು ಕಾರಣ ಉದಾಸೀನವಲ್ಲ, ಅಭಿಮಾನ. ಹೇಳದಿದ್ದಕ್ಕೆ ನೋಯುವವನು ಹೇಳಿದರೆ ಖಂಡಿತ ಬರುತ್ತಾನೆ.

ನಾಲ್ಕನೆಯವನು ಕೇಳುವ ಪ್ರಶ್ನೆ ಮಾತ್ರ ನಗುವಂಥದ್ದಲ್ಲ: 'ಕಟ್ಟ ಹಾಕಿದರೆ ನೀರು ಯಾರ ತೋಟಕ್ಕೆ?' ಐದು ಸೆಂಟ್ಸ್ ಜಾಗದವನು ಐದು ಎಕರೆಯವರ ತೋಟ ತಂಪಾಗಲೆಂದು ಯಾಕೆ ಬೆನ್ನು ಬಗ್ಗಿಸಬೇಕು? ಇದಕ್ಕೆ ಊರಿನ ಅಭಿಮಾನದ ಭಾಷಣ ಉತ್ತರವಲ್ಲ. ಅವನ ಮನೆಯ ಕುಡಿಯುವ ನೀರಿನ ಬಾವಿಗೂ ಪಸೆ ಮುಟ್ಟುವ ಜಾಗದಲ್ಲಿ ಕಟ್ಟ ಹಾಕುವುದೇ ಉತ್ತರ. ಆ ಜಾಗ ಯಾವುದೆಂದು ಹೆಂಗಸರನ್ನು ಕೇಳಬೇಕು. ಏಪ್ರಿಲ್‌ನಲ್ಲಿ ಯಾರ ಬಾವಿ ಮೊದಲು ಬತ್ತುತ್ತದೆ, ಯಾರು ಯಾರ ಮನೆಗೆ ಕೊಡ ಹಿಡಿದು ಹೋಗುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ನಾವೋ, ಯಜಮಾನರನ್ನು ಸಭೆಗೆ ಕರೆದು, ಮನೆಯಾಕೆಯನ್ನು ಸಜ್ಜಿಗೆ-ಬಜಿಲಿನ ತಿಂಡಿ ಮಾಡಲು ಕಳಿಸುತ್ತೇವೆ. ಹತ್ತು ಗಂಟೆಗೆ ಬೆಲ್ಲ-ನೀರು, ಸಜ್ಜಿಗೆ ಇಲ್ಲದೆ ಯಾವ ಶ್ರಮದಾನವೂ ಗೆಲ್ಲದೆಂಬುದು ನಿಜ. ಆದರೆ ಸಜ್ಜಿಗೆ ಕಲಸುವ ಕೈಗೆ ಜಾಗ ತೋರಿಸುವ ಅಧಿಕಾರವೂ ಬೇಕು.

ಇನ್ನು ಸಲಹಾ ಪಂಗಡದವರ ಕಾಂಕ್ರೀಟು. ಅದೂ ಇದೆ, ಕಿಂಡಿ ಅಣೆಕಟ್ಟು ಎನ್ನುತ್ತಾರೆ. ಸರಕಾರ ಕಂಬಗಳನ್ನು ನಿಲ್ಲಿಸಿ ಹೋಗುತ್ತದೆ. ಮಳೆ ಬಿಟ್ಟ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನಡುವೆ ಮಣ್ಣು ತುಂಬಬೇಕು, ಮಳೆಗೆ ಮುಂಚೆ ತೆಗೆಯಬೇಕು. ಹಲಗೆ ಇಳಿಸಲು ಜನವಿಲ್ಲದೆ ಬೋಳು ಕಂಬಗಳ ನಡುವೆ ನೀರು ಹರಿದು ಸಮುದ್ರ ಸೇರುವುದನ್ನು ಕರಾವಳಿಯಲ್ಲಿ ಎಷ್ಟೋ ಕಡೆ ನೋಡಬಹುದು. ಲಕ್ಷಗಟ್ಟಲೆಯ ಕಾಂಕ್ರೀಟಿಗೂ ಕೊನೆಗೆ ಬೇಕಾದದ್ದು, 'ನಾಳೆ ಹಲಗೆ ಹಾಕಲಿಕ್ಕುಂಟು, ಬನ್ನಿ' ಎನ್ನುವ ಒಬ್ಬ ಮನುಷ್ಯ.

ಈ ಕರೆ ಇನ್ನೂ ಸಾಯದ ಜಾಗಗಳುಂಟು. ಕಾಸರಗೋಡಿನ ಏತಡ್ಕದಲ್ಲಿ ಒಂದರ ಕೆಳಗೊಂದು ಸಾಲುಕಟ್ಟ ಹಾಕುವ ಕೃಷಿಕರಿದ್ದಾರೆ. ಪುತ್ತೂರಿನ 'ಅಡಿಕೆ ಪತ್ರಿಕೆ'ಯ ಸಂಪಾದಕ ಶ್ರೀಪಡ್ರೆಯವರು ಇಂಥ ಕಟ್ಟಗಳ ಬಗ್ಗೆ ಬೇಸರವಿಲ್ಲದೆ ಬರೆಯುತ್ತ ಬಂದಿದ್ದಾರೆ. ಒಂದೂರಿನ ಕಟ್ಟ ನೋಡಿ ಬಂದವರು ತಮ್ಮೂರಿನಲ್ಲಿ ಸುಮ್ಮನೆ ಕೂರಲಾರರು; ಉಪದೇಶ ಹತ್ತು ವರ್ಷ ಮಾಡದ್ದನ್ನು ನೆರೆಯೂರಿನ ತುಂಬಿದ ಬಾವಿ ಒಂದು ಬೇಸಗೆಯಲ್ಲಿ ಮಾಡುತ್ತದೆ.

ಮಳೆಗೆ ಕರಗುವುದು ಕಟ್ಟದ ದೋಷವೆಂದು ಬಹಳ ಮಂದಿ ಹೇಳುತ್ತಾರೆ. ನನಗೆ ಅದೇ ಅದರ ಗುಣವೆನ್ನಿಸುತ್ತದೆ. ಒಮ್ಮೆ ಕಟ್ಟಿ ಮರೆಯುವಂತಿದ್ದರೆ ನೆರೆಮನೆಯ ಮೆಟ್ಟಿಲು ಹತ್ತಲು ನಮಗೆ ಇನ್ಯಾವ ನೆವವಿತ್ತು? ನಿಮ್ಮೂರಿನಲ್ಲಿ ತೋಡಿಲ್ಲದಿರಬಹುದು, ಶಾಲೆಯ ಸೂರಿರಬಹುದು, ಕೆರೆಯ ಹೂಳಿರಬಹುದು, ಗ್ರಂಥಾಲಯದ ಬೀಗವಿರಬಹುದು. ಎಲ್ಲರನ್ನೂ ಕರೆಯಬೇಡಿ. ಒಬ್ಬೊಬ್ಬರನ್ನು ಕರೆಯಿರಿ, ಹೆಸರು ಹಿಡಿದು, ಮನೆಗೆ ಹೋಗಿ, ಅವರಿಂದಲೇ ಆಗಬೇಕಾದ ಒಂದು ಕೆಲಸ ಹೇಳಿ.