ಕವಲೊಡೆದ ಸ್ಪಂಜು

ಹಾಸನದ ಬಳಿಯ ದೊಡ್ಡಗದ್ದವಳ್ಳಿಯ ಕೆರೆದಂಡೆಯಲ್ಲಿ ಬೆಳೆದ ನಮಗೆ ಕಡಲೆಂದರೆ ಘಟ್ಟದ ಕೆಳಗಿನ ಸುದ್ದಿ. ಒಮ್ಮೆ ಕುಟುಂಬದೊಡನೆ ಮಲ್ಪೆಗೆ ಹೋಗಿದ್ದಾಗ, ಅಲೆ ತಂದೆಸೆದ ವಸ್ತುವೊಂದನ್ನು ಮಗಳು ಆಯ್ದು ತಂದಳು. ಗೇಣುದ್ದದ ಬುಡ, ಬೆರಳುಗಾತ್ರದ ಕವಲುಗಳು, ಮಾಸಿದ ಕಂದು ಬಣ್ಣ. "ಅಪ್ಪಾ, ಇದೇನು?" ಎಂದಳು. "ಹವಳ" ಎಂದುಬಿಟ್ಟೆ. ಅವಳು ಅದನ್ನು ಭಾನುವಾರದ ಧರ್ಮೋಪದೇಶ ತರಗತಿಗೆ ಒಯ್ದು ಎಲ್ಲರಿಗೂ ಹಾಗೆಯೇ ಹೇಳಿದಳು.

ಕೆಲದಿನಗಳ ತರುವಾಯ ಜೀವಶಾಸ್ತ್ರ ಬೋಧಿಸುವ ಬಂಧುವೊಬ್ಬರು ಮನೆಗೆ ಬಂದರು. ಅದನ್ನು ನೀರಿನಲ್ಲಿ ನೆನೆಸಿ ಒತ್ತಿದರು, ಮೆತ್ತಗೆ ಬಾಗಿತು. ಕಲ್ಲುಹವಳ ಬಾಗದು. ಹವಳದ ಮೈಮೇಲಿರುವ ನಕ್ಷತ್ರದಂಥ ಗುಳಿಗಳೂ ಇರಲಿಲ್ಲ, ಬರಿಯ ರಂಧ್ರಗಳು. "ಇದು ಸ್ಪಂಜು. ಗಿಡದಂತೆ ಕಂಡರೂ ಪ್ರಾಣಿ" ಎಂದರು. 1825ರ ಸುಮಾರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಗ್ರಾಂಟ್ ಎಂಬ ವಿದ್ವಾಂಸರು, ಸ್ಪಂಜು ಕಿರುರಂಧ್ರಗಳಿಂದ ನೀರನ್ನೆಳೆದು ದೊಡ್ಡ ಕಂಡಿಗಳಿಂದ ಹೊರಬಿಡುವುದನ್ನು ಕಂಡರಂತೆ.

"ಯಾವ ಜಾತಿಯದು?" ಎಂದೆ. ಅವರು ನಕ್ಕರು. ಒಂದೇ ಜಾತಿಯ ಸ್ಪಂಜು ಶಾಂತವಾದ ನೀರಿನಲ್ಲಿ ಕವಲೊಡೆದು ನಿಲ್ಲಬಹುದು, ಅಲೆಯ ಹೊಡೆತವಿರುವಲ್ಲಿ ಬಂಡೆಗಂಟಿ ಹರಡಬಹುದು. ಬೇರೆಬೇರೆ ಜಾತಿಗಳು ಒಂದೇ ರೂಪ ತಾಳುವುದೂ ಉಂಟು. ಬಣ್ಣವೋ, ಒಣಗಿದೊಡನೆ ಮಾಸುತ್ತದೆ. ಆದುದರಿಂದ ಚೂರೊಂದನ್ನು ಬ್ಲೀಚ್ ದ್ರಾವಣದಲ್ಲಿ ಕರಗಿಸಿ, ಉಳಿಯುವ ಗಾಜಿನಂಥ ಸೂಕ್ಷ್ಮ ಸೂಜಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. "ಅಲ್ಲಿಯವರೆಗೆ ಸ್ಪಂಜು ಎಂದಷ್ಟೇ ಹೇಳುವುದು ಪ್ರಾಮಾಣಿಕತೆ" ಎಂದರು.

ತಪ್ಪು ತಿಳಿದರೂ ಎರಡು ಭಾನುವಾರ ಸುಮ್ಮನಿದ್ದೆ. "ಅಪ್ಪಾ, ನಾನು ಸುಳ್ಳು ಹೇಳಿದ ಹಾಗಾಯಿತಲ್ಲ?" ಎಂದು ಮಗಳು ಕೇಳಿದಾಗ ನಾಚಿಕೆಯಾಯಿತು. ಮೂರನೆಯ ಭಾನುವಾರ ತರಗತಿಗೆ ಹೋಗಿ, ತಪ್ಪು ನನ್ನದೇ ಎಂದು ಮಕ್ಕಳೆದುರು ಒಪ್ಪಿಕೊಂಡೆ. ಹುಡುಗನೊಬ್ಬ ಎದ್ದು, "ಶಿಲುಬೆಯ ಮೇಲಿದ್ದ ಯೇಸುಸ್ವಾಮಿಗೆ ಹುಳಿರಸದಲ್ಲಿ ಅದ್ದಿ ಕೊಟ್ಟದ್ದು ಇದನ್ನೇನಾ?" ಎಂದ. ಈ ಬಾರಿ ನಾನು ಆತುರಪಡಲಿಲ್ಲ. "ಅದೂ ಸ್ಪಂಜೇ, ಮಗು. ಆದರೆ ಸ್ಪಂಜುಗಳಲ್ಲಿ ಸಾವಿರಾರು ಜಾತಿಗಳಿವೆ, ಇದೇ ಎನ್ನಲಾರೆ" ಎಂದೆ.

ಎಲೀಯಾಬನ ನಿಲುವನ್ನು ನೋಡಿ ಇವನೇ ಅಭಿಷಿಕ್ತನೆಂದು ಬಗೆದ ಸಮುವೇಲನನ್ನು ದೇವರು ತಿದ್ದಿದರು. ಪ್ರವಾದಿಗೇ ಹಾಗಾದರೆ ನಮ್ಮ ಪಾಡೇನು? ಒಂದು ನೋಟಕ್ಕೇ ನೆರೆಯವರಿಗೆ ಹೆಸರಿಡಲು ಹೊರಟಾಗಲೆಲ್ಲ, ಮನೆಯ ಕಿಟಕಿಯಲ್ಲಿರುವ ಆ ಕಂದು ಕವಲು ನನ್ನನ್ನು ತಡೆಯುತ್ತದೆ.