ಮೇಷ್ಟ್ರ ಹಿಮನದಿ

ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಹಿಮನದಿಯ ಪಾಠ ಬಂದಾಗಲೆಲ್ಲ ಅವರು ಕರಿಹಲಗೆಯ ಮೇಲೆ ಎರಡು ಬೆಟ್ಟ ಬರೆದು, ಸೀಮೆಸುಣ್ಣದ ತುಂಡನ್ನು ಅಡ್ಡ ಹಿಡಿದು ನಡುವೆ ಒಂದೇ ಸಲ ಎಳೆಯುತ್ತಿದ್ದರು. ಅಗಲವಾದ ಬಿಳಿಯ ಪಟ್ಟೆ ಮೂಡುತ್ತಿತ್ತು. ‘ನಿಂತ ಹಾಗೆ ಕಾಣುತ್ತದೆ, ಆದರೆ ಹರಿಯುತ್ತದೆ. ಅದಕ್ಕೇ ಇದು ನದಿ’ ಎನ್ನುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ನೀವು ನೋಡಿದ್ದೀರಾ ಸಾರ್?’ ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕು, ‘ಇಲ್ಲಪ್ಪ, ಪುಸ್ತಕದಲ್ಲಿ ನೋಡಿದ್ದು’ ಎಂದು ಪಾಠ ಮುಂದುವರಿಸಿದರು. ಹುಡುಗ ಅದನ್ನು ಆಗಲೇ ಮರೆತಿರಬೇಕು. ಮೇಷ್ಟ್ರು ಮರೆಯಲಿಲ್ಲ.

ಅವರ ಮಗ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. 2023ರ ಡಿಸೆಂಬರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, ‘ಅಪ್ಪ, ಮುಂದಿನ ಬೇಸಿಗೆಗೆ ನೀವಿಬ್ಬರೂ ಬಂದಾಗ ಎಲ್ಲರೂ ಸೇರಿ ಹಡಗಿನಲ್ಲಿ ಅಲಾಸ್ಕಾಕ್ಕೆ ಹೋಗೋಣ. ಹಿಮನದಿ ನೋಡೋಣ’ ಎಂದ. ಮೇಷ್ಟ್ರಿಗೆ ಆಗ ಎಪ್ಪತ್ತಾರು. ‘ಹೂಂ, ನೋಡೋಣ’ ಎಂದಷ್ಟೇ ಹೇಳಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋದರಂತೆ.

‘ಎಲ್ಲರೂ ಸೇರಿ’ ಎನ್ನುವುದು ಹೇಳಲು ಸುಲಭ. ಮೇಷ್ಟ್ರು ದಂಪತಿ, ಮಗ, ಸೊಸೆ, ಹದಿನೈದು ವರ್ಷದ ಮೊಮ್ಮಗಳು, ಎಂಟು ವರ್ಷದ ಮೊಮ್ಮಗ, ಹೀಗೆ ಆರು ಜನ. ಆರು ಜನಕ್ಕೂ ಒಪ್ಪುವ ಹೋಟೆಲು ಹುಡುಕುವುದೇ ಕಷ್ಟ. ಏಳು ದಿನ ಇಳಿಯಲಾಗದ ಹಡಗನ್ನು ಹುಡುಕುವುದು ಇನ್ನೆಷ್ಟು ಕಷ್ಟ! ಅಲಾಸ್ಕಾಕ್ಕೆ ಬೇಸಿಗೆಯಲ್ಲಿ ಹಡಗು ಓಡಿಸುವ ಕಂಪನಿಗಳು ಒಂದೆರಡಲ್ಲ. ಮಗ ನೋಡಿದ್ದು ದರ. ಜಾಹೀರಾತಿನಲ್ಲಿ ಕಾಣುವ ದರ ಒಂದು, ಬಂದರು ತೆರಿಗೆ ಮತ್ತು ದಿನಕ್ಕೆ ತಲೆಗಿಷ್ಟೆಂದು ಹಾಕುವ ಭಕ್ಷೀಸು ಸೇರಿದ ಮೇಲಿನ ದರ ಇನ್ನೊಂದು. ಆರರಿಂದ ಗುಣಿಸಿದಾಗ ಅವನ ಮುಖ ಸಣ್ಣಗಾಯಿತು. ಸೊಸೆ ವಿಚಾರಿಸಿದ್ದು ಸಸ್ಯಾಹಾರ. ಮೊಮ್ಮಗನಿಗೆ ರಾಯಲ್ ಕೆರಿಬಿಯನ್‌ನವರ ಹಡಗೇ ಆಗಬೇಕು. ಅದರೊಳಗೆ ಡಿಕ್ಕಿ ಹೊಡೆಯುವ ಆಟದ ಕಾರುಗಳಿವೆ, ಮೇಲಕ್ಕೆತ್ತಿ ಸಮುದ್ರ ತೋರಿಸುವ ಗಾಜಿನ ಗೂಡಿದೆ. ಅದು ತಪ್ಪಿದರೆ ಮಿಕ್ಕಿ ಇಲಿ ಓಡಾಡುವ ಡಿಸ್ನಿಯ ಹಡಗಾದರೂ ಸರಿ.

ಕೊನೆಗೆ ಹುಡುಕುವ ಕೆಲಸ ಮೊಮ್ಮಗಳ ಪಾಲಿಗೆ ಬಂತು. ಶಾಲೆಯ ಪ್ರಾಜೆಕ್ಟು ಮಾಡಿ ಅಭ್ಯಾಸವಾದ ಹುಡುಗಿ, ಒಂದು ವಾರದಲ್ಲಿ ದೊಡ್ಡ ಕೋಷ್ಟಕವನ್ನೇ ತಯಾರಿಸಿದಳು. ಎಷ್ಟು ಅಂತಸ್ತು, ಎಷ್ಟು ಊಟದ ಮನೆ, ಈಜುಕೊಳ, ನಾಟಕಶಾಲೆ, ಮಕ್ಕಳ ಕೋಣೆ ಎಲ್ಲಕ್ಕೂ ಅಂಕ ಕೊಟ್ಟು ಕೂಡಿದ್ದಳು. ಮುಂದಿನ ಭಾನುವಾರ ಅದನ್ನು ತಾತನಿಗೆ ಓದಿ ಹೇಳಿದಳು. ಮೇಷ್ಟ್ರು ಪೂರ್ತಿ ಕೇಳಿ, ‘ಚೆನ್ನಾಗಿ ಮಾಡಿದ್ದೀಯ ಮಗಳೇ. ಈ ಹಡಗುಗಳಲ್ಲಿ ಯಾವುದು ಹಿಮನದಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ?’ ಎಂದರು.

ಆ ಕಡೆ ಮಾತಿಲ್ಲ. ಹನ್ನೊಂದು ಅಂಕಣಗಳ ಕೋಷ್ಟಕದಲ್ಲಿ ಹಿಮನದಿಗೆ ಒಂದು ಅಂಕಣವೂ ಇರಲಿಲ್ಲ.

ಹಡಗನ್ನು ಹೋಟೆಲಿನಂತೆ ನೋಡಿ ಆರಿಸುವುದು ಎಲ್ಲರೂ ಮಾಡುವ ತಪ್ಪು. ಅಲಾಸ್ಕಾದ ದಾರಿಯಲ್ಲಿ ಆರಿಸಬೇಕಾದದ್ದು ಮೊದಲು ಹಿಮನದಿಯನ್ನು, ಆಮೇಲೆ ಹಡಗನ್ನು. ಯಾಕೆಂದರೆ ಎಲ್ಲ ಹಡಗುಗಳೂ ಒಂದೇ ಕಡೆ ಹೋಗುವುದಿಲ್ಲ. ಗ್ಲೇಷಿಯರ್ ಬೇ ಎಂಬ ಕೊಲ್ಲಿ ರಾಷ್ಟ್ರೀಯ ಉದ್ಯಾನ. ಅದರೊಳಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಎರಡೇ ಎರಡು ದೊಡ್ಡ ಹಡಗುಗಳಿಗೆ ಪ್ರವೇಶ. ಆ ಪರವಾನಗಿಯ ಬಹುಪಾಲು ಹಾಲೆಂಡ್ ಅಮೆರಿಕ, ಪ್ರಿನ್ಸೆಸ್, ನಾರ್ವೇಜಿಯನ್ ಎಂಬ ಕಂಪನಿಗಳ ಕೈಯಲ್ಲಿದೆ. ಉಳಿದವರು ಹಬ್ಬರ್ಡ್ ಹಿಮನದಿಯ ಕಡೆಗೋ, ಜೂನೋ ಪಟ್ಟಣದ ದಕ್ಷಿಣಕ್ಕಿರುವ ಟ್ರೇಸಿ ಆರ್ಮ್, ಎಂಡಿಕಾಟ್ ಆರ್ಮ್ ಎಂಬ ಕಿರಿದಾದ ಕಡಲ ಕವಲುಗಳಿಗೋ ಹೋಗುತ್ತಾರೆ. ಅಲ್ಲಿಯೂ ನೋಟ ಚೆನ್ನಾಗಿಯೇ ಇದೆ. ಆದರೆ ಕಿರಿದಾದ ದಾರಿ. ತೇಲುವ ಮಂಜುಗಡ್ಡೆ ಹೆಚ್ಚಾದರೆ ಹಡಗು ದೂರದಿಂದಲೇ ಹಿಂದಿರುಗಬೇಕು. (ಇವರ ಪ್ರವಾಸದ ಮರುವರ್ಷ, 2025ರ ಆಗಸ್ಟ್ 10ರ ಮುಂಜಾನೆ, ಟ್ರೇಸಿ ಆರ್ಮ್‌ನಲ್ಲಿ ಬೆಟ್ಟದ ಪಕ್ಕವೇ ಕುಸಿದು ನೀರಿಗೆ ಬಿದ್ದು ಭಾರೀ ಅಲೆ ಎದ್ದಿತು. ಹಿಮ ಹಿಂದೆ ಸರಿದ ಕಡೆ ಬೆಟ್ಟಕ್ಕೆ ಊರೆಯಾಗಿದ್ದದ್ದೇ ಇಲ್ಲವಾಗುತ್ತದೆ.)

ಮೇಷ್ಟ್ರು ಹಬ್ಬರ್ಡ್‌ಗೂ ಗ್ಲೇಷಿಯರ್ ಬೇಗೂ ನಡುವೆ ಎರಡು ವಾರ ತೂಗಾಡಿದರು. ಹಬ್ಬರ್ಡ್ ಸಾಮಾನ್ಯದ್ದಲ್ಲ. 122 ಕಿ.ಮೀ. ಉದ್ದ, ಸಮುದ್ರ ಮುಟ್ಟುವ ಮುಖವೇ ಸುಮಾರು 10 ಕಿ.ಮೀ. ಅಗಲ. ಸುತ್ತಲಿನ ಹಿಮನದಿಗಳು ಬಹುತೇಕ ಹಿಂದೆ ಸರಿಯುತ್ತಿರುವಾಗ ಇದೊಂದು 1895ರಿಂದ ಮುಂದೆ ಮುಂದೆ ಬರುತ್ತಿದೆ. 1986ರಲ್ಲಿ ಮತ್ತು 2002ರಲ್ಲಿ ಪಕ್ಕದ ಕಡಲ ಕವಲಿನ ಬಾಯಿಗೆ ಅಡ್ಡ ಬಂದು ಅದನ್ನು ಕೆಲವು ತಿಂಗಳು ಸರೋವರವನ್ನಾಗಿ ಮಾಡಿತ್ತು. ‘ಹಟಮಾರಿ’ ಎಂದರು ಮೇಷ್ಟ್ರು, ಮೆಚ್ಚುಗೆಯಿಂದ.

ಆದರೂ ಗ್ಲೇಷಿಯರ್ ಬೇಯ ಕಥೆ ಕೇಳಿ ಅವರ ಮನಸ್ಸು ಅತ್ತ ವಾಲಿತು. 1794ರಲ್ಲಿ ಜಾರ್ಜ್ ವ್ಯಾಂಕೂವರನ ನಾವಿಕರು ಅಲ್ಲಿಗೆ ಬಂದಾಗ ಕೊಲ್ಲಿಯೇ ಇರಲಿಲ್ಲ ಎನ್ನಬಹುದು. ಬಾಯಿಯ ಹತ್ತಿರವೇ ಹಿಮದ ಗೋಡೆ ಇತ್ತು. 1879ರಲ್ಲಿ ಜಾನ್ ಮ್ಯೂರ್ ಬರುವ ಹೊತ್ತಿಗೆ ಅದು ಅರವತ್ತು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಕೊಲ್ಲಿಯ ತುದಿ ಬಾಯಿಯಿಂದ ಸುಮಾರು 105 ಕಿ.ಮೀ. ಒಳಗಿದೆ. ಹಾಗಾಗಿ ಹಡಗು ಒಳಗೆ ಸಾಗಿದಂತೆ ಪ್ರಯಾಣಿಕ ಕಾಲದಲ್ಲಿ ಹಿಂದೆ ಹೋಗುತ್ತಾನೆ. ಹಿಮ ಮೊದಲು ಬಿಟ್ಟುಹೋದ ಬಾಯಿಯ ಬಳಿ ದಟ್ಟ ಸೂಚಿಪರ್ಣಿ ಕಾಡು, ಇನ್ನಷ್ಟು ಒಳಗೆ ಪೊದೆ, ತುದಿಯಲ್ಲಿ ಇನ್ನೂ ಹಸಿರು ಹಿಡಿಯದ ಬೋಳು ಬಂಡೆ. ಬರಿಯ ಕಲ್ಲಿನ ಮೇಲೆ ಕಾಡು ಹೇಗೆ ಹುಟ್ಟುತ್ತದೆ ಎಂಬುದನ್ನು ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿ 1916ರಿಂದ ಅಲ್ಲಿಯೇ ಗುರುತು ಹಾಕಿ ನೋಡುತ್ತ ಬಂದ. ಇನ್ನೂ ಹಿಂದೆ ಅಲ್ಲಿ ಟ್ಲಿಂಗಿಟ್ ಜನರ ಊರುಗಳಿದ್ದವು. ಹದಿನೆಂಟನೆಯ ಶತಮಾನದಲ್ಲಿ ಮುನ್ನುಗ್ಗಿದ ಹಿಮ ಅವರನ್ನು ಮನೆ ಬಿಡಿಸಿತ್ತು. ‘ಹಬ್ಬರ್ಡ್ ಒಂದು ದೊಡ್ಡ ಚಿತ್ರ. ಇದು ಇಡೀ ಪಾಠ’ ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಅಷ್ಟಕ್ಕೆ ಮುಗಿಯಿತೆಂದುಕೊಂಡರೆ ಮನೆಯಲ್ಲಿ ಬೇರೆಯೇ ತೊಡಕು ಎದ್ದಿತು. ಮೇಷ್ಟ್ರ ಹೆಂಡತಿ ಒಂದು ರಾತ್ರಿ ಊಟ ಬಡಿಸುತ್ತ, ‘ರೀ, ನೀವೆಲ್ಲ ಹೋಗಿ ಬನ್ನಿ. ನಾನು ಸಿಯಾಟಲ್‌ನಲ್ಲಿ ಮನೆ ನೋಡಿಕೊಂಡು ಇರುತ್ತೇನೆ’ ಎಂದರು. ಅವರಿಗೆ ಎರಡು ವರ್ಷದ ಕೆಳಗೆ ಹೃದಯಕ್ಕೆ ಸ್ಟೆಂಟ್ ಹಾಕಿತ್ತು. ಮಂಡಿ ನೋವು ಮೊದಲಿನಿಂದಲೂ ಇದೆ. ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದರೂ ತಲೆ ಸುತ್ತಿ ವಾಂತಿಯಾಗುತ್ತದೆ. ಹಡಗಿನಲ್ಲಿ ತಾನು ಮಲಗಿಬಿಟ್ಟರೆ ಎಲ್ಲರ ಪ್ರವಾಸ ಕೆಡುತ್ತದೆ ಎಂಬುದು ಅವರ ಲೆಕ್ಕ. ಮೇಷ್ಟ್ರು ತಟ್ಟೆ ನೋಡುತ್ತ, ‘ನೀನು ಬರದಿದ್ದರೆ ನನಗೂ ಬೇಡ’ ಎಂದರು. ಹುಳಿ ಆರಿತು. ಎರಡು ಭಾನುವಾರ ಫೋನಿನಲ್ಲಿ ಹಡಗಿನ ಮಾತೇ ಬರಲಿಲ್ಲ.

ವಿಷಯ ತಿಳಿದ ಮೊಮ್ಮಗಳು ಈ ಸಲ ಕೋಷ್ಟಕ ಬಿಟ್ಟು ನಕ್ಷೆ ಹಿಡಿದಳು. ಸಿಯಾಟಲ್ ಬಂದರಿನಿಂದಲೇ ಅಲಾಸ್ಕಾಕ್ಕೆ ಹಡಗುಗಳಿವೆ. ಮನೆ ಬಾಗಿಲಲ್ಲೇ ಹತ್ತುವ ಹಾಗಿರುವಾಗ ಬೇರೆ ಕಡೆ ಯಾಕೆ ಹೋಗಬೇಕು ಎಂದು ಅಲ್ಲಿಯವರೆಗೆ ಎಲ್ಲರೂ ಅಂದುಕೊಂಡಿದ್ದರು. ನಕ್ಷೆ ನೋಡಿದರೆ, ಆ ಹಡಗುಗಳಲ್ಲಿ ಬಹುಪಾಲು ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದ ಮೇಲೆ ಹೋಗುತ್ತವೆ. ಅಲ್ಲಿ ಅಲೆಯ ಹೊಯ್ದಾಟ ತಪ್ಪಿದ್ದಲ್ಲ. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಟ ಹಡಗು ದ್ವೀಪದ ಒಳಮಗ್ಗುಲಲ್ಲಿ, ಎರಡೂ ಕಡೆ ನೆಲದ ಮರೆ ಇರುವ ಕಾಲುವೆಯಂಥ ದಾರಿಯಲ್ಲಿ ಸಾಗುತ್ತದೆ. ಸಿಯಾಟಲ್‌ನಿಂದ ವ್ಯಾಂಕೂವರಿಗೆ ಕಾರಿನಲ್ಲಿ ಸುಮಾರು 230 ಕಿ.ಮೀ. ‘ಅಜ್ಜಿ, ಈ ದಾರಿ ಕೆರೆ ಇದ್ದ ಹಾಗೆ’ ಎಂದಳು. ಹುಡುಗಿ ಒಂದಿಷ್ಟು ಉತ್ಪ್ರೇಕ್ಷೆ ಮಾಡಿದ್ದಳು, ಆದರೆ ಸುಳ್ಳು ಹೇಳಿರಲಿಲ್ಲ.

ಇದರಿಂದ ಮೂರರಲ್ಲಿ ಒಂದು ಕಂಪನಿ ತಾನಾಗಿ ಉಳಿಯಿತು. ನಾರ್ವೇಜಿಯನ್‌ನವರ ದೊಡ್ಡ ಹಡಗುಗಳು ಹೊರಡುವುದು ಸಿಯಾಟಲ್‌ನಿಂದ. ಪ್ರಿನ್ಸೆಸ್‌ನವರ ಹೆಸರಾದ ಹಿಮನದಿ ಯಾನ ವ್ಯಾಂಕೂವರಿನಲ್ಲಿ ಹತ್ತಿಸಿ ಉತ್ತರದ ವಿಟಿಯರ್‌ನಲ್ಲಿ ಇಳಿಸುತ್ತದೆ; ಅಲ್ಲಿಂದ ವಿಮಾನ ಹಿಡಿಯಬೇಕು. ಆರು ಟಿಕೆಟ್ಟು, ಜೊತೆಗೆ ಅಜ್ಜಿಯ ಮಂಡಿ. ಹಾಲೆಂಡ್ ಅಮೆರಿಕದವರದು ಏಳು ದಿನಗಳಲ್ಲಿ ವ್ಯಾಂಕೂವರಿಗೇ ಮರಳುವ ಯಾನ. ಆಟದ ಕಾರುಗಳಿಲ್ಲ, ವಯಸ್ಸಾದವರು ಹೆಚ್ಚು, ಗದ್ದಲ ಕಡಿಮೆ. ಎಂಟು ವರ್ಷದವನು ಒಂದು ದಿನ ಮುನಿಸಿಕೊಂಡ. ಅವನಿಗೆ ಸ್ಕ್ಯಾಗ್‌ವೇ ಊರಿನಲ್ಲಿ 1900ರಲ್ಲಿ ಕಟ್ಟಿ ಮುಗಿಸಿದ, ಚಿನ್ನ ಹುಡುಕುವವರ ಕಾಲದ ಗುಡ್ಡಗಾಡು ರೈಲು ಹತ್ತಿಸುವುದಾಗಿ ಮಾತು ಕೊಟ್ಟು ಸಮಾಧಾನ ಮಾಡಿದರು.

ಇನ್ನುಳಿದದ್ದು ಬೇಸರದ ಕೆಲಸ, ಆದರೆ ತಪ್ಪಿದರೆ ಪ್ರವಾಸವೇ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಸಾಲದು, ಕೆನಡಾದ್ದೂ ಬೇಕು. ಸಿಯಾಟಲ್‌ನಿಂದ ಹೊರಟರೂ ಇದು ತಪ್ಪುವುದಿಲ್ಲ. ವಿದೇಶಿ ಧ್ವಜದ ಹಡಗು ನಡುವೆ ಒಂದು ಪರದೇಶದ ಬಂದರು ಮುಟ್ಟದೆ ಅಮೆರಿಕದಲ್ಲೇ ಜನರನ್ನು ಹತ್ತಿಸಿ ಇಳಿಸುವಂತಿಲ್ಲ ಎಂಬ 1886ರ ಕಾನೂನು ಇನ್ನೂ ಇದೆ. ಅದಕ್ಕಾಗಿಯೇ ಆ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ಆ ವರ್ಷ ಭಾರತಕ್ಕೂ ಕೆನಡಾಕ್ಕೂ ಮುನಿಸು ಬೇರೆ. ಮೇಷ್ಟ್ರು ದಂಪತಿ ಜನವರಿಯಲ್ಲೇ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರು. ವೀಸಾ ಕೈಗೆ ಬಂದದ್ದು ಏಪ್ರಿಲಿನಲ್ಲಿ. ವಿಮೆಯ ಕರಾರನ್ನು ಸೊಸೆ ಎರಡು ಸಲ ಓದಿದಳು. ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಆಸ್ಪತ್ರೆ ಇರುವುದಿಲ್ಲ. ಮೊದಲೇ ಇರುವ ಹೃದ್ರೋಗಕ್ಕೆ ಎಲ್ಲ ವಿಮೆಗಳೂ ಹಣ ಕೊಡುವುದಿಲ್ಲ. ಕೊಡುವಂಥದ್ದಕ್ಕೆ ದುಬಾರಿ ಕಂತು ಕಟ್ಟಿದರು. ಅಲುಗಾಟ ಕಡಿಮೆಯಿರಲೆಂದು ವೃದ್ಧರಿಬ್ಬರಿಗೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕಿಟಕಿಯ ಕೋಣೆ. ಉಳಿದ ನಾಲ್ವರಿಗೆ ಕಿಟಕಿಯಿಲ್ಲದ್ದು. ಅಲ್ಲಿ ಮಿಕ್ಕಿದ ಹಣ ಗಾಲಿಕುರ್ಚಿಗೂ ರೈಲಿಗೂ ಆಯಿತು. ಸೊಸೆ ಮುಂಚೆಯೇ ಪತ್ರ ಬರೆದು ಭಾರತೀಯ ಸಸ್ಯಾಹಾರ ಗೊತ್ತು ಮಾಡಿದಳು. ‘ಏನು ಕೊಡುತ್ತಾರೋ ನೋಡಿಕೊಂಡೆ ಅತ್ತೆ, ಹೆದರಬೇಡಿ’ ಎಂದರೂ ಅತ್ತೆ ಅಂಗಡಿಯ ಚಟ್ನಿಪುಡಿಯ ನಾಲ್ಕು ಪೊಟ್ಟಣ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

2024ರ ಜುಲೈನಲ್ಲಿ ಹೊರಟರು. ಅಜ್ಜಿಗೆ ವಾಂತಿಯಾಗಲಿಲ್ಲ. ವಾಂತಿಯಾದದ್ದು ಮಗನಿಗೆ, ಅದೂ ಒಂದೇ ರಾತ್ರಿ.

ಗ್ಲೇಷಿಯರ್ ಬೇಯ ದಿನ ಬೆಳಿಗ್ಗೆ ಉದ್ಯಾನದ ಅಧಿಕಾರಿಗಳು ದೋಣಿಯಲ್ಲಿ ಬಂದು ಹಡಗು ಹತ್ತಿದರು. ದಿನವಿಡೀ ಧ್ವನಿವರ್ಧಕದಲ್ಲಿ ವಿವರಣೆ ಕೊಡುವುದು ಅವರ ಕೆಲಸ. ಮೇಷ್ಟ್ರು ಕಾಡು, ಪೊದೆ, ಬಂಡೆಗಳ ಕಡೆ ಕೈ ತೋರಿಸಿ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಅದನ್ನೇ ಹೇಳುತ್ತಿದ್ದರು, ಒಮ್ಮೊಮ್ಮೆ ಅಧಿಕಾರಿಗಿಂತ ಮೊದಲೇ. ಮಧ್ಯಾಹ್ನದ ಹೊತ್ತಿಗೆ ಕೊಲ್ಲಿಯ ತುದಿ. ಬಲಗಡೆ ಗ್ರ್ಯಾಂಡ್ ಪೆಸಿಫಿಕ್ ಹಿಮನದಿ. ಕಲ್ಲುಮಣ್ಣು ಹೊದ್ದು ಕಪ್ಪಾಗಿರುವ ಅದನ್ನು ಮೊಮ್ಮಗ ಗುಡ್ಡವೆಂದೇ ತಿಳಿದ. ಎಡಗಡೆ ಮಾರ್ಜರಿ. ಒಂದು ಮೈಲಿ ಅಗಲ, ನೀರಿನಿಂದ ಸುಮಾರು 75 ಮೀಟರು ಎತ್ತರದ ಗೋಡೆ. ಬಿಳಿಯಲ್ಲ, ನೀಲಿ. ಒತ್ತಿ ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಬಿಡುತ್ತದೆ. ಮೂವತ್ತೊಂದು ವರ್ಷ ಬಿಳಿಯ ಸೀಮೆಸುಣ್ಣದಲ್ಲಿ ಬರೆದವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಮಾರ್ಜರಿಯ ಮುಂದೆ ಸುಮಾರು ಒಂದು ಗಂಟೆ ನಿಲುಗಡೆ. ಎರಡೂ ಪಕ್ಕದವರಿಗೆ ಕಾಣಲೆಂದು ಹಡಗು ನಿಧಾನವಾಗಿ ತಿರುಗುತ್ತಿತ್ತು. ಹೊರಗಡೆ ಬಿಸಿ ಬಟಾಣಿ ಸೂಪು ಹಂಚುತ್ತಿದ್ದರು; ಸೊಸೆ ವಿಚಾರಿಸಿ, ‘ಮಾಂಸ ಇದೆ, ಬೇಡ ಅತ್ತೆ’ ಎಂದಳು. ಹಿಮದ ತುಂಡು ಕಳಚಿ ಬೀಳುವುದಕ್ಕೆ ಇಂಗ್ಲಿಷಿನಲ್ಲಿ ಕರು ಹಾಕುವುದು ಎನ್ನುತ್ತಾರೆಂದು ಮೊಮ್ಮಗಳು ಹೇಳಿದಾಗ, ಕೊಟ್ಟಿಗೆಯಲ್ಲಿ ಬೆಳೆದ ಅಜ್ಜಿ, ‘ಹಾಗಾದರೆ ಕಾಯಬೇಕು. ನಾವು ನೋಡುತ್ತ ಕೂತರೆ ಅದು ಹಾಕುವುದಿಲ್ಲ’ ಎಂದು ನಕ್ಕರು. ಗಾಳಿ ಕೊರೆಯುತ್ತಿತ್ತು. ಅವರು ಶಾಲು ಮರೆತು ಬಂದಿದ್ದರು. ಬೇಡವೆಂದರೂ ಕೇಳದೆ ಮೇಷ್ಟ್ರು ಕೆಳಗೆ ಹೋದರು.

ಅವರು ಶಾಲು ಹಿಡಿದು ಲಿಫ್ಟಿನಲ್ಲಿರುವಾಗ ಅದು ನಡೆದುಹೋಯಿತು. ಹೊರಗೆ ಬಂದಾಗ ಜನ ಇನ್ನೂ ಕೂಗುತ್ತಿದ್ದರು, ನೀರು ಇನ್ನೂ ತೂಗುತ್ತಿತ್ತು. ಮಗನ ಮುಖ ಬಾಡಿತ್ತು. ಮೊಮ್ಮಗಳು ತಲೆ ತಗ್ಗಿಸಿಕೊಂಡಳು. ಅಜ್ಜಿ ಗಾಲಿಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದರು.

‘ಕರು ಹಾಕಿತು ಕಣ್ರೀ! ನಮ್ಮ ಊರ ದೇವಸ್ಥಾನದಷ್ಟಿತ್ತು.’

ಮೇಷ್ಟ್ರು ಶಾಲು ಹೊದಿಸಿ, ‘ಬಿದ್ದದ್ದು ಮೊದಲೋ, ಸದ್ದು ಮೊದಲೋ?’ ಎಂದು ಕೇಳಿದರು.

‘ಮೊದಲು ಸದ್ದಿಲ್ಲದೆ ಜಾರಿತು. ನೀರು ಎದ್ದಿತು. ಆಮೇಲೆ ಗುಡುಗು.’

‘ಎರಡು ಸೆಕೆಂಡು ತಾತ, ನಾನು ಎಣಿಸಿದೆ’ ಎಂದಳು ಮೊಮ್ಮಗಳು ತಲೆ ಎತ್ತಿ.

‘ಹಾಗಾದರೆ ಎಷ್ಟು ದೂರದಲ್ಲಿದ್ದೇವೆ, ಲೆಕ್ಕ ಹಾಕು.’

ಅವಳು ಬೆರಳು ಮಡಿಸುತ್ತ ಏಳುನೂರು ಮೀಟರಿನ ಹತ್ತಿರ ಬರುವಷ್ಟರಲ್ಲಿ ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಕುರ್ಚಿಯ ಪಕ್ಕದಲ್ಲಿ ಕಂಬಿ ಹಿಡಿದು, ಆ ನೀಲಿ ಗೋಡೆಯ ಮೇಲಿಂದ ಕಣ್ಣು ತೆಗೆಯದೆ ನಿಂತರು.